ಕೊಳ್ಳುವವರು ಬರುವ ದಿನ

ತಂಗಿ ಸತ್ತದ್ದು ಬೆಳಕು ಹರಿಯುವ ಹೊತ್ತಿಗೆ. ಅಕ್ಕ ಹಾಲು ತರಲು ಬೀದಿಯ ತುದಿಗೆ ಹೋಗಿದ್ದಳು. ಬರುವಷ್ಟರಲ್ಲಿ ಉಸಿರಿರಲಿಲ್ಲ. ತಂಗಿಯ ಗಂಡ ಹಾಸಿಗೆಯ ಬುಡದಲ್ಲಿ ಕೂತು ಹೆಂಡತಿಯ ಪಾದ ತಿಕ್ಕುತ್ತಿದ್ದ. ಬೆಚ್ಚಗೆ ಮಾಡಿದರೆ ಎದ್ದು ಕೂರುತ್ತಾಳೆ ಅನ್ನುವ ಹಾಗೆ ತಿಕ್ಕುತ್ತಲೇ ಇದ್ದ.

"ಬಿಡಪ್ಪ," ಅಂದಳು ಅಕ್ಕ. "ಹೋದ್ಲು."

ಹಾಲಿನ ಪಾತ್ರೆ ಕೆಳಗಿಟ್ಟಳು. ಒದ್ದೆ ಬಟ್ಟೆ ತಂದು ತಂಗಿಯ ಬಾಯಿಯ ಅಂಚಿನಲ್ಲಿ ಒಣಗಿದ್ದ ರಕ್ತ ಒರೆಸಿದಳು. ಅಳು ಬರಲಿಲ್ಲ. ಮೈ ತೊಳೆಯುವಾಗ ತಂಗಿಯ ತೋಳು ಎತ್ತಿದಳು. ಒಣಗಿದ ಕಡ್ಡಿಯಷ್ಟು ಹಗುರ. ತೋಳಿನ ತುಂಬ ನೀಲಿ ಮಚ್ಚೆ. ಯಾರೂ ಹೊಡೆದದ್ದಲ್ಲ. ಸುಮ್ಮನೆ ಹಾಸಿಗೆ ಒತ್ತಿದರೂ ಕೊನೆಕೊನೆಗೆ ಆ ಮೈಗೆ ಪೆಟ್ಟಾಗುತ್ತಿತ್ತು.

ಅಕ್ಕನನ್ನು ಬೀದಿಯವರೆಲ್ಲ ದೊಡ್ಡಕ್ಕ ಅನ್ನುತ್ತಿದ್ದರು. ತಂಗಿ ಎಲ್ಲರಿಗೂ ಪುಟ್ಟಿ. ಇಬ್ಬರೂ ಚಿಪ್ ಫ್ಯಾಕ್ಟರಿಯ ಹಿಂದಿನ ತೊಳೆಯುವ ಶೆಡ್ಡಿನಲ್ಲಿ ದುಡಿದವರು.

ಫ್ಯಾಕ್ಟರಿಯ ಒಳಗೆ ಕೆಲಸ ಮಾಡುವವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಡುತ್ತಾರೆ. ಕಣ್ಣು ಬಿಟ್ಟು ಏನೂ ಕಾಣುವುದಿಲ್ಲ. ಆ ಬಟ್ಟೆ ಅವರನ್ನು ಕಾಯುವುದಕ್ಕಲ್ಲ, ಚಿಪ್ಪನ್ನು ಕಾಯುವುದಕ್ಕೆ. ಮನುಷ್ಯನ ಒಂದು ಕೂದಲು, ಒಂದು ಸೀನು ಬಿದ್ದರೂ ಚಿಪ್ ಕೆಡುತ್ತದಂತೆ. ಒಳಗೆ ಚಿಪ್ ಬೇಯುವ ಗಾಜಿನ ಕೊಳವೆಗಳು, ತಟ್ಟೆಗಳು, ಗೂಡುಗಳು ಕರಿಹಿಡಿದು ಹಿಂದಿನ ಶೆಡ್ಡಿಗೆ ಬರುತ್ತವೆ. ಅಲ್ಲಿ ಬಿಳಿ ಬಟ್ಟೆ ಇಲ್ಲ. ನೀಲಿ ಕೋಟು, ರಬ್ಬರ್ ಬೂಟು, ತೂತು ಬಿದ್ದ ಕೈಗವಸು. ಕೊಳವೆಯನ್ನು ಆಸಿಡ್ ತೊಟ್ಟಿಯಲ್ಲಿ ಮುಳುಗಿಸಬೇಕು, ಹೊರಳಿಸಬೇಕು, ಎತ್ತಬೇಕು, ಉಜ್ಜಬೇಕು. ಆ ಆಸಿಡ್ಡಿಗೆ ಹೆಂಗಸರು ಇಟ್ಟ ಹೆಸರು ಮೂಳೆನೀರು. ತಾಗಿದಾಗ ಉರಿಯುವುದಿಲ್ಲ, ಬರೀ ನೀರು ಅನ್ನಿಸುತ್ತದೆ. ಮನೆಗೆ ಬಂದು ಹಿಟ್ಟು ಕಲಸುವಾಗ ಬೆರಳಿನ ಒಳಗಿನಿಂದ, ಮೂಳೆಯಿಂದ, ನೋವು ಹೊರಡುತ್ತದೆ. ಗೋಡೆಗೆ ಕೈ ಬಡಿದುಕೊಂಡರೂ ಕಡಿಮೆಯಾಗುವುದಿಲ್ಲ.

ಇನ್ನೊಂದು ತೊಟ್ಟಿ ಇತ್ತು. ಅದರಲ್ಲಿ ಜಿಡ್ಡು ಬಿಡಿಸುವ ದ್ರಾವಣ. ಸಿಹಿ ವಾಸನೆ. ಮೊದಮೊದಲು ಹೆಂಗಸರು ಆ ವಾಸನೆಯನ್ನು ಇಷ್ಟಪಟ್ಟಿದ್ದರು. ತೊಟ್ಟಿ ಖಾಲಿ ಮಾಡಿದ ಮೇಲೆ ತಳದ ಅಂಟನ್ನು ಕೆರೆಯಲು ಒಬ್ಬರು ಒಳಗೆ ಇಳಿಯಬೇಕು. ಬಾಯಿ ಕಿರಿದು, ಸಣ್ಣ ಮೈಯವರೇ ಬೇಕು. ಪುಟ್ಟಿ ಇಳಿಯುತ್ತಿದ್ದಳು. ಹೊರಗೆ ಬಂದಾಗ ತೂರಾಡುತ್ತಿದ್ದಳು, ನಗುತ್ತಿದ್ದಳು. "ಕುಡಿಯೋಕೆ ದುಡ್ಡು ಕೊಡೋ ಗಂಡಸರನ್ನ ಕಂಡ್ರೆ ಅಯ್ಯೋ ಅನ್ಸುತ್ತೆ. ನಮಗೆ ಬಿಟ್ಟಿ!" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆಮೇಲಾಮೇಲೆ ಪುಟ್ಟಿ ತೂರಾಡುವುದು ನಿಲ್ಲಲಿಲ್ಲ. ನಗುವುದು ನಿಂತಿತು.

ಫ್ಯಾಕ್ಟರಿಯ ಡಾಕ್ಟರು ಮೈ ಮುಟ್ಟಲಿಲ್ಲ. "ಕಂಟ್ರಾಕ್ಟಿನವರನ್ನ ನಾನು ನೋಡೋ ಹಾಗಿಲ್ಲಮ್ಮ," ಅಂದರು. ಊರ ದೊಡ್ಡಾಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನೋಡಿದರು. ಮೂಳೆಯೊಳಗೆ ರಕ್ತ ಹುಟ್ಟುವ ಜಾಗ ಒಣಗಿಹೋಗಿದೆ ಅಂದರು. ಏನು ಕೆಲಸ ಮಾಡ್ತೀಯ ಅಂತ ಕೇಳಿದರು. ತೊಳೆಯೋ ಕೆಲಸ ಅಂದಳು ಪುಟ್ಟಿ. ಅವರು ಪಾತ್ರೆ ಅಂದುಕೊಂಡರು. ಮುಂದೆ ಕೇಳಲಿಲ್ಲ.

ಇವೆಲ್ಲ ಆಗುತ್ತಿದ್ದಾಗಲೇ ಫ್ಯಾಕ್ಟರಿ ಮಾರಾಟವಾಗಬಹುದು ಅನ್ನುವ ಸುದ್ದಿ ಹಬ್ಬಿತು. ಇದಕ್ಕಿಂತ ಎಷ್ಟೋ ಪಾಲು ದೊಡ್ಡ ಕಂಪನಿಯೊಂದು ಇದನ್ನು ಇಡಿಯಾಗಿ ಕೊಳ್ಳುತ್ತದಂತೆ. ಚಿಪ್ ಮಾಡುವವರ ನಡುವೆ ಇಂಥ ವ್ಯಾಪಾರ ಹಿಂದೆ ಆಗಿಲ್ಲವಂತೆ. ಒಂದು ದಿನ ಆಗಬಹುದು ಅನ್ನುವರು, ಮರುದಿನ ಆಗದಿರಬಹುದು ಅನ್ನುವರು. ಕ್ಯಾಂಟೀನಿನ ಟಿವಿ ಮುಂದೆ ಇಂಜಿನಿಯರುಗಳು ತಟ್ಟೆ ಹಿಡಿದು ನಿಂತೇ ಉಣ್ಣುತ್ತಿದ್ದರು. ಶೆಡ್ಡಿನವರಿಗೆ ಕ್ಯಾಂಟೀನಿನ ಒಳಗೆ ಪ್ರವೇಶವಿಲ್ಲ. ಹಿಂದಿನ ಕಿಟಕಿಯಲ್ಲಿ ಊಟ. ಅಲ್ಲಿಂದ ಟಿವಿಯ ಬೆನ್ನು ಮಾತ್ರ ಕಾಣುತ್ತಿತ್ತು.

"ನಮ್ಮನ್ನೂ ಸೇರಿಸಿ ಮಾರ್ತಾರೋ, ಕೊಡವಿ ಮಾರ್ತಾರೋ?" ಅಂತ ಶೆಡ್ಡಿನ ಗಿಡ್ಡಿ ಕೇಳಿದಳು. ಗಿಡ್ಡಿ ಹೆಸರಿಗೆ ತಕ್ಕ ಹಾಗೆ ಮೋಟು, ಬಾಯಿ ಮಾತ್ರ ಆಳುದ್ದ.

ಉತ್ತರ ಬೇಗ ಸಿಕ್ಕಿತು. ಶೆಡ್ಡಿನ ಗೋಡೆಗೆ ಸುಣ್ಣ ಬಿತ್ತು. ಎಚ್ಚರಿಕೆಯ ತಲೆಬುರುಡೆ ಬೋರ್ಡು ಕಳಚಿದರು. ಬಾಗಿಲಿನ ಮುಂದೆ ಹೂವಿನ ಕುಂಡ ಸಾಲು ಬಂತು. ಮೇಸ್ತ್ರಿ ಎಲ್ಲರನ್ನೂ ಕೂರಿಸಿ ಹೇಳಿದ. ಕೊಳ್ಳುವವರು ಫ್ಯಾಕ್ಟರಿ ನೋಡಲು ಬರುತ್ತಾರೆ. ಆ ದಿನ ಶೆಡ್ಡಿಗೆ ಬೀಗ. ಯಾರೂ ಈ ಕಡೆ ಸುಳಿಯಬಾರದು. ವ್ಯಾಪಾರ ಕುದುರಿದರೆ ಎಲ್ಲರನ್ನೂ ಖಾಯಂ ಮಾಡುತ್ತೇವೆ ಅಂತ ಆಫೀಸಿನ ಸಾಹೇಬರು ಬಾಯಿಬಿಟ್ಟು ಹೇಳಿದ್ದಾರೆ.

"ನಾವು ಯಾಕೆ ಕಾಣಬಾರದು?" ಅಂದಿದ್ದಳು ದೊಡ್ಡಕ್ಕ.

"ಮನೆ ಮಾರೋವಾಗ ಸೋರೋ ಮೂಲೆ ತೋರಿಸ್ತಾರೇನಕ್ಕ?"

ಮೇಸ್ತ್ರಿ ಕೆಟ್ಟವನಲ್ಲ. ಅದೇ ಬೀದಿಯವನು. ಹೇಳಿದ ಮೇಲೆ ತಲೆ ತಗ್ಗಿಸಿದ್ದ.

ಪುಟ್ಟಿ ಸತ್ತದ್ದು ಆ ಕೊಳ್ಳುವವರು ಬರುವ ದಿನ.

ಬೀದಿಯ ಬಡಗಿ ಪೆಟ್ಟಿಗೆ ಮಾಡಿಕೊಟ್ಟ. ಬೀದಿಯಲ್ಲಿ ಮರ ಅಂದರೆ ಫ್ಯಾಕ್ಟರಿಗೆ ಯಂತ್ರಗಳು ಬರುವ ಡಬ್ಬದ ಹಲಗೆಯೇ. ಬಾಗಿಲು, ಬೆಂಚು, ಮಂಚ ಎಲ್ಲ ಅದರದ್ದೇ. ಪುಟ್ಟಿಯ ಪೆಟ್ಟಿಗೆಯ ಒಂದು ಬದಿಯಲ್ಲಿ ಗಾಜಿನ ಲೋಟದ ಗುರುತು, ಮೇಲ್ಮುಖ ಬಾಣ, ಕಂಪನಿಯ ಮುದ್ರೆ. "ಕೀಸಿ ತೆಗೀಲಾ?" ಅಂತ ಬಡಗಿ ಕೇಳಿದ.

"ಬಿಡು," ಅಂದಳು ದೊಡ್ಡಕ್ಕ. "ಹೊತ್ತಾಗುತ್ತೆ."

ಆಗ ಮೇಸ್ತ್ರಿ ಬಂದ. ಹೆಣದ ಮುಂದೆ ನಿಂತು ನಿಜವಾಗಿ ಅತ್ತ. ಮೂಗೊರೆಸಿಕೊಂಡು ಪುಟ್ಟಿಯ ಗಂಡನನ್ನು ಪಕ್ಕಕ್ಕೆ ಕರೆದ. ಅವನು ಫ್ಯಾಕ್ಟರಿಯ ಸಿಬ್ಬಂದಿ ಬಸ್ಸಿನ ಡ್ರೈವರು. ಇಂಜಿನಿಯರುಗಳನ್ನು ದಿನಾ ಕರೆದುಕೊಂಡು ಬಂದು ಬಿಡುವವನು. ಇಬ್ಬರೂ ಪಿಸುಪಿಸು ಮಾತಾಡಿದರು. ಡ್ರೈವರು ತಲೆಯಾಡಿಸಿದ.

"ಏನಂತೆ?" ಅಂದಳು ದೊಡ್ಡಕ್ಕ.

"ಅತ್ತಿಗೆ... ಸಂಜೆ ತೆಗೆದ್ರೆ ಹೇಗೆ ಅಂತ."

"ಈ ತಗಡಿನ ಮನೇಲಿ? ಈ ಬಿಸಿಲಲ್ಲಿ? ಸಂಜೆವರೆಗೆ?"

"ಇಲ್ಲಾಂದ್ರೆ ಚರಂಡಿ ದಾರಿ ಹಿಡೀರಿ ಅಂತಾರೆ."

ಬೀದಿಯಿಂದ ಸ್ಮಶಾನಕ್ಕೆ ಇರುವುದು ಒಂದೇ ರಸ್ತೆ. ಅದು ಫ್ಯಾಕ್ಟರಿಯ ದೊಡ್ಡ ಗೇಟಿನ ಮುಂದೆ ಹಾದುಹೋಗುತ್ತದೆ. ಇನ್ನೊಂದು ಅಂದರೆ ಫ್ಯಾಕ್ಟರಿಯ ಹಿಂದೆ ಕೊಳಚೆ ಹರಿಯುವ ಚರಂಡಿಯ ಏರಿ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲ. ಹಂದಿ, ನಾಯಿ ಓಡಾಡುವ ಜಾಗ. ಪೆಟ್ಟಿಗೆ ಹೊತ್ತ ನಾಲ್ವರಲ್ಲಿ ಇಬ್ಬರು ಕೊಳಚೆಯೊಳಗೆ ಕಾಲಿಟ್ಟೇ ನಡೆಯಬೇಕು.

"ಒಂದು ದಿನ ದೊಡ್ಡಕ್ಕ," ಮೇಸ್ತ್ರಿ ಕೈಮುಗಿದ. "ಒಂದೇ ದಿನ. ಅವರು ಬರೋ ಹೊತ್ತಿಗೆ ಗೇಟಿನ ಮುಂದೆ ಹೆಣ ಕಂಡ್ರೆ ಏನು ಅಂದ್ಕೋತಾರೆ? ಎಲ್ಲರ ಅನ್ನದ ಪ್ರಶ್ನೆ. ಪುಟ್ಟಿ ಇದ್ದಿದ್ರೆ ಅವಳೇ ಹೂಂ ಅಂತಿದ್ಲು."

ದೊಡ್ಡಕ್ಕ ಅವನ ಮುಖ ನೋಡಿದಳು. ಹೌದು, ಪುಟ್ಟಿ ಹೂಂ ಅನ್ನುತ್ತಿದ್ದಳು. ತೊಟ್ಟಿಗೆ ಇಳಿ ಅಂದಾಗಲೂ ಹೂಂ. ಜ್ವರವಿದ್ದರೂ ಬಾ ಅಂದಾಗಲೂ ಹೂಂ. ರಕ್ತ ಕಾರಿದ ಮೇಲೆ ಇನ್ನು ಬರಬೇಡ ಅಂದಾಗಲೂ ಹೂಂ ಅಂದು ನೀಲಿ ಕೋಟು ಒಗೆದು, ಮಡಿಚಿ ವಾಪಸ್ ಕೊಟ್ಟು ಬಂದಿದ್ದಳು.

"ಅವಳು ಅಂದದ್ದೆಲ್ಲ ಸಾಕು," ಅಂದಳು. "ಈಗ ನಾನು ಊಹೂಂ ಅಂತೀನಿ. ದೊಡ್ಡ ರಸ್ತೇಲೇ ಹೋಗ್ತೀವಿ. ಎತ್ತಿ."

ಗಂಡಸರು ಎತ್ತಲಿಲ್ಲ. ನಾಲ್ವರಲ್ಲಿ ಮೂವರು ಫ್ಯಾಕ್ಟರಿಯಲ್ಲೇ ಮೂಟೆ ಹೊರುವವರು. ಒಬ್ಬ ನೆಲ ನೋಡಿದ. ಒಬ್ಬ ಬೀಡಿ ಹುಡುಕಿದ. ಡ್ರೈವರು ಪೆಟ್ಟಿಗೆಯ ಮೇಲೆ ಕೈಯಿಟ್ಟು ಹಾಗೇ ನಿಂತ.

"ಸರೀರಿ," ಅಂದಳು ಗಿಡ್ಡಿ. ಯಾವಾಗ ಮನೆಗೆ ಹೋದಳೋ, ಯಾವಾಗ ಬಂದಳೋ, ಮೈಮೇಲೆ ಶೆಡ್ಡಿನ ನೀಲಿ ಕೋಟಿತ್ತು. "ಇದಕ್ಕಿಂತ ಭಾರದ ಕೊಳವೆ ಎತ್ತಿದೀವಿ. ಇವಳಲ್ಲಿ ಏನು ಉಳಿದಿದೆ ಭಾರ?"

ಉಳಿದ ಹೆಂಗಸರೂ ಕೋಟು ಹಾಕಿಕೊಂಡರು. ಯಾರೂ ಹೇಳಿರಲಿಲ್ಲ. ಗಿಡ್ಡಿ ಮೋಟಾದ್ದರಿಂದ ಪೆಟ್ಟಿಗೆ ಅವಳ ಕಡೆ ವಾಲಿತು. ದೊಡ್ಡಕ್ಕ ಹಿಂದಿನ ಮೂಲೆಗೆ ಹೆಗಲು ಕೊಟ್ಟಳು. ಒರಟು ಹಲಗೆ ಕುತ್ತಿಗೆಯನ್ನು ಕೊರೆಯಿತು. ನಡೆದರು. ಬೀದಿ ಮುಗಿಯುವ ತಿರುವಿನಲ್ಲಿ ಎಡಕ್ಕೆ ಚರಂಡಿ, ಬಲಕ್ಕೆ ರಸ್ತೆ. ಬಲಕ್ಕೆ ತಿರುಗಿದರು. ಆಗ ಡ್ರೈವರು ಓಡಿಬಂದ. ಗಿಡ್ಡಿಯನ್ನು ಪಕ್ಕಕ್ಕೆ ಸರಿಸಿ ಆ ಮೂಲೆಗೆ ತನ್ನ ಹೆಗಲಿಟ್ಟ. ಪೆಟ್ಟಿಗೆ ಸಮವಾಯಿತು.

ಗೇಟಿನ ಬಳಿ ಕೆಂಪು ಹಾಸು ಹಾಸಿದ್ದರು. ಕಾವಲಿನವನು ದೂರದಿಂದಲೇ ಕೈಬೀಸಿದ. "ಬೇಗ ಬೇಗ, ದಾಟಿ ಹೋಗಿ!"

ಸುಮ್ಮನೆ ದಾಟಿಹೋಗುವುದೇ ದೊಡ್ಡಕ್ಕನ ಮನಸ್ಸಿನಲ್ಲೂ ಇದ್ದದ್ದು. ಆದರೆ ಗೇಟಿನೊಳಗಿಂದ ಆಫೀಸಿನ ಸಾಹೇಬ ಓಡಿಬಂದ. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಹೂವು. ಕಂಟ್ರಾಕ್ಟಿನವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೂ ಕಳಿಸುವುದೂ ಅವನ ಕೈಯಲ್ಲಿ. ನೀಲಿ ಕೋಟುಗಳನ್ನು ನೋಡಿದ. ಮುಖ ಸುಣ್ಣವಾಯಿತು.

"ಕೋಟು ಬಿಚ್ಚಿ! ಯಾರು ಹೇಳಿದ್ದು ಕೋಟು ಹಾಕೋಕೆ? ಕಂಪನಿ ಕೋಟು ಹಾಕ್ಕೊಂಡು ಹೆಣ ಹೊರ್ತೀರಾ?"

"ಇವಳೂ ಕಂಪನಿಯವಳೇ ಸಾಹೇಬ್ರೇ," ಅಂದಳು ದೊಡ್ಡಕ್ಕ.

"ಯಾರು? ಇವಳಾ? ಇವಳು ಕಂಪನಿಯವಳು ಅಂತ ಯಾರು ಹೇಳಿದ್ರು? ಇಂಥವಳು ಇಲ್ಲಿ ಕೆಲಸ ಮಾಡೇ ಇಲ್ಲ."

ದೊಡ್ಡಕ್ಕನ ಕಾಲು ನಿಂತಿತು. ಹೆಗಲ ಮೇಲೆ ತಂಗಿ. ಅದೇ ಗೇಟು. ದಿನಾ ಬೆಳಿಗ್ಗೆ ತಂಗಿಯ ಜಡೆ ಹೆಣೆಯುತ್ತಲೇ ಓಡಿಬರುತ್ತಿದ್ದ ಗೇಟು. ಸಂಜೆ ಹೊರಗೆ ಬರುವಾಗ ಕಳ್ಳಿಯರೇನೋ ಅನ್ನುವ ಹಾಗೆ ಮೈ ತಡವಿಸಿಕೊಳ್ಳುತ್ತಿದ್ದ ಗೇಟು.

"ಇಳಿಸಿ," ಅಂದಳು.

ಪೆಟ್ಟಿಗೆಯನ್ನು ಕೆಂಪು ಹಾಸಿನ ಅಂಚಿಗೆ, ಗೇಟಿಗೆ ಅಡ್ಡವಾಗಿ ಇಳಿಸಿದರು.

"ಏನ್ ಬೇಕು ನಿಮಗೆ?" ಸಾಹೇಬನ ದನಿ ತಗ್ಗಿತು. "ಏನಾದ್ರೂ ಸಹಾಯ ಬೇಕಾದ್ರೆ ನಾಳೆ ಬನ್ನಿ. ನಾನೇ ನೋಡ್ತೀನಿ. ಈಗ ಎತ್ತಿ."

"ಸಹಾಯ ಬೇಡ. ಇವಳು ಇಲ್ಲಿ ಕೆಲಸ ಮಾಡಿದವಳು ಅಂತ ಒಂದು ಮಾತು ಹೇಳಿ. ಎತ್ಕೊಂಡು ಹೋಗ್ತೀವಿ."

"ಕಂಟ್ರಾಕ್ಟರನ ಹತ್ರ ಕೇಳು!"

"ಕಂಟ್ರಾಕ್ಟರ್ ತೊಟ್ಟಿಗಿಳೀಲಿಲ್ಲ. ನಿಮ್ಮ ಕೊಳವೆ ತೊಳೆದದ್ದು ಇವಳು. ಹೇಳಿ."

ಕಾರುಗಳು ಬಂದವು. ಕಪ್ಪು, ಉದ್ದ, ಸದ್ದಿಲ್ಲದ ಕಾರುಗಳು. ದಾರಿಯಲ್ಲಿ ಪೆಟ್ಟಿಗೆ ಇದ್ದುದರಿಂದ ನಿಂತವು. ಒಂದರಿಂದ ನರೆತ ಕೂದಲಿನ ಒಬ್ಬ ಇಳಿದ. ಹಿಂದೆ ಇನ್ನಿಬ್ಬರು. ಪೆಟ್ಟಿಗೆ ನೋಡಿ ಟೋಪಿ ತೆಗೆದ. ಅದಷ್ಟು ಮಾಡಿದ, ಸುಳ್ಳು ಹೇಳಬಾರದು. ಆಮೇಲೆ ಸಾಹೇಬನ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದ. ಸಾಹೇಬ ನಗುಮುಖ ಮಾಡಿಕೊಂಡು ಉದ್ದಕ್ಕೆ ಉತ್ತರ ಕೊಟ್ಟ. ದೊಡ್ಡಕ್ಕನಿಗೆ ಆ ಭಾಷೆ ಬಾರದು. ಸುತ್ತ ನಿಂತ ಹೆಂಗಸರಿಗೂ ಬಾರದು. ಡ್ರೈವರಿಗೆ ಅಷ್ಟಿಷ್ಟು ಬರುತ್ತಿತ್ತು. ಇಂಜಿನಿಯರುಗಳ ಮಾತು ಬಸ್ಸಿನಲ್ಲಿ ಬೆನ್ನ ಹಿಂದೆ ಕೇಳಿ ಕೇಳಿ ಕಿವಿಗೆ ಹತ್ತಿದ್ದು.

"ಏನಂತಾನೆ?" ಅಂದಳು ದೊಡ್ಡಕ್ಕ.

ಡ್ರೈವರು ಸಾಹೇಬನನ್ನೇ ನೋಡುತ್ತಿದ್ದ.

"ಹೇಳಪ್ಪ. ಏನಂದ?"

"ಪಕ್ಕದ ಬೀದಿಯ ಭಿಕ್ಷುಕರು ಅಂದ. ದೊಡ್ಡವರು ಬರ್ತಾರೆ ಅಂತ ಗೊತ್ತಾದ್ರೆ ಹೀಗೇ ಹೆಣ ತಂದಿಟ್ಟು ದುಡ್ಡು ಕೇಳ್ತಾರೆ ಅಂದ."

ಹೇಳಿ ಮುಗಿಸಿದವನೇ ಡ್ರೈವರು ಮುಂದೆ ನಡೆದ. ಬೆಳಗಿನಿಂದ ನಾಲ್ಕು ಮಾತಾಡದವನು. ಬಸ್ಸಿನಲ್ಲಿ ಯಾರು ಬೈದರೂ ಕನ್ನಡಿ ನೋಡಿಕೊಂಡು ಸುಮ್ಮನಿರುವವನು. ನರೆತ ಕೂದಲಿನವನ ಎದುರು ನಿಂತು, ಆ ಅರೆಬರೆ ಬರುವ ಭಾಷೆಯಲ್ಲಿ, ಒಂದೊಂದೇ ಪದವನ್ನು ಕಲ್ಲು ಎತ್ತಿಟ್ಟ ಹಾಗೆ ಇಟ್ಟ. ಅವಳು ನನ್ನ ಹೆಂಡತಿ. ಅವಳು ಇಲ್ಲಿ ತೊಳೆದಳು. ತೊಟ್ಟಿ. ಒಳಗೆ. ರಕ್ತ. ಅವನು ಸುಳ್ಳು. ಮತ್ತೆ ಪದ ಸಿಗಲಿಲ್ಲ. ಫ್ಯಾಕ್ಟರಿಯ ಹಿಂಭಾಗದ ಕಡೆ ಕೈ ತೋರಿಸಿದ. ಆಮೇಲೆ ತನ್ನ ಭಾಷೆಯಲ್ಲೇ ಕೂಗಿದ: "ಹೂವಿನ ಕುಂಡ ಸರಿಸಿ ನೋಡ್ರೋ! ಬೀಗ ತೆಗೆಸಿ ನೋಡ್ರೋ!"

ಹೆಂಗಸರು ಯಾರೂ ಕೂಗಲಿಲ್ಲ. ಪೆಟ್ಟಿಗೆಯ ಸುತ್ತ ಕೂತರು. ನೀಲಿ ಕೋಟಿನ ತೋಳು ಮೇಲಕ್ಕೆ ಸರಿಸಿ ಮುಚ್ಚಳದ ಮೇಲೆ ಕೈಯಿಟ್ಟರು. ಉಗುರಿಲ್ಲದ ಬೆರಳು, ಬಾಗಿ ನೇರವಾಗದ ಬೆರಳು, ಬೆಂದು ಬಿಳಿಚಿದ ಅಂಗೈ. ನರೆತ ಕೂದಲಿನವನು ನೋಡಿದ. ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಕಾರು ಹತ್ತಿದ. ಗಾಜು ಏರಿಸಿಕೊಂಡರು. ಕಾರುಗಳು ಅಲ್ಲೇ ನಿಂತವು. ಒಳಗೆ ತಂಪು ಯಂತ್ರ ಗುಂಯ್‌ಗುಡುತ್ತಿತ್ತು.

ಬಿಸಿಲು ಏರಿತು. ಹಲಗೆ ಕಾಯಿತು. ನೊಣ ಬಂತು. ಗಿಡ್ಡಿ ತನ್ನ ಕೋಟು ಬಿಚ್ಚಿ ಬೀಸಿದಳು. ದೊಡ್ಡಕ್ಕನಿಗೆ ಆಗ ಅಳು ಬಂತು. ತಂಗಿಯನ್ನು ಬಿಸಿಲಿಗೆ ಹಾಕಿ ಕೂತಿದ್ದೇನಲ್ಲ ಅನ್ನಿಸಿತು. ಬದುಕಿದ್ದಾಗ ಆ ತೊಟ್ಟಿಯಿಂದ ಎಳೆದು ತರಲಾರದವಳು ಸತ್ತ ಮೇಲೆ ಗೇಟಿನ ಮುಂದೆ ಕಾಯಿಸುತ್ತಿದ್ದೇನಲ್ಲ ಅನ್ನಿಸಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಏಳಲಿಲ್ಲ.

ಸಾಹೇಬ ಕಾರಿನ ಕಡೆ ಓಡಿದ, ಒಳಗೆ ಓಡಿದ, ಫೋನು ಹಿಡಿದ, ಬೆವರಿದ. ಕೊನೆಗೆ ಬಂದು ಅವಳ ಮುಂದೆ ಬಗ್ಗಿ ಕಿರುಚಿದ:

"ಹೌದು! ಮಾಡ್ತಿದ್ಲು! ಇಲ್ಲೇ ಕೆಲಸ ಮಾಡ್ತಿದ್ಲು! ಸಾಕಾ? ಈಗ ಎತ್ತು!"

ನಾಯಿಗೆ ಎಸೆದ ಹಾಗೆ ಎಸೆದ ಮಾತು. ದೊಡ್ಡಕ್ಕ ಅದನ್ನೇ ತೆಗೆದುಕೊಂಡಳು. ಕಣ್ಣೊರೆಸಿಕೊಂಡು ಎದ್ದಳು. "ಕೇಳಿಸ್ತಾ ಪುಟ್ಟಿ," ಅಂದಳು. "ಎತ್ರಮ್ಮ."

ಮಣ್ಣು ಮಾಡಿ ಬಂದರು.

ವ್ಯಾಪಾರ ನಿಲ್ಲಲಿಲ್ಲ. ತಿಂಗಳುಗಟ್ಟಲೆ ಎಳೆದಾಡಿತು, ಆಮೇಲೆ ಕುದುರಿತು. ಶೆಡ್ಡಿನ ಸಂಗತಿ ಬಯಲಾದದ್ದರಿಂದ ಕೊಳ್ಳುವವರು ಬೆಲೆ ಇಳಿಸಿದರಂತೆ. ಮುಂದೆ ಯಾರಾದರೂ ಕೋರ್ಟಿಗೆ ಹೋದರೆ ಅಂತ ಮೊದಲೇ ಅಷ್ಟನ್ನು ಬೆಲೆಯಲ್ಲಿ ಮುರಿದುಕೊಂಡರಂತೆ. ಬಸ್ಸಿನಲ್ಲಿ ಇಂಜಿನಿಯರುಗಳು ಹಾಗೆ ಮಾತಾಡಿಕೊಂಡದ್ದು. ಕೆಲಸ ಕಳೆದುಕೊಂಡಿದ್ದ ಡ್ರೈವರಿಗೆ ಅವನ ಜಾಗಕ್ಕೆ ಬಂದವನು ಅದನ್ನು ಹೇಳಿದ. ಪುಟ್ಟಿಯ ಸಾವನ್ನು ಮಾರುವವನೂ ಕೊಳ್ಳುವವನೂ ತಮ್ಮತಮ್ಮೊಳಗೆ ಇತ್ಯರ್ಥ ಮಾಡಿಕೊಂಡರು. ಅದರಲ್ಲಿ ಒಂದು ಕಾಸೂ ಈ ಬೀದಿಯ ಕಡೆ ಉರುಳಲಿಲ್ಲ. ಗೇಟಿಗೆ ಹೊಸ ಬೋರ್ಡು ಬಂತು. ಸಾಹೇಬ ಹಳಬನೇ ಉಳಿದ.

ಶೆಡ್ಡು ಮಾತ್ರ ಒಡೆದು ಹಾಕಿದರು. ಹೊಸ ಕಂಪನಿಯಲ್ಲಿ ಅಂಥ ಕೆಲಸವೇ ಇಲ್ಲ ಅಂದರು. ಹೆಂಗಸರೆಲ್ಲ ಮನೆಗೆ ಬಂದರು. ಖಾಯಂ ಆಗಬೇಕಿದ್ದವರು. ಬೀದಿಯಲ್ಲಿ ದೊಡ್ಡಕ್ಕನನ್ನು ಕಂಡರೆ ಕೆಲವರು ಬಾಗಿಲು ಹಾಕಿಕೊಳ್ಳತೊಡಗಿದರು. ನಲ್ಲಿಯ ಹತ್ತಿರ ಒಬ್ಬಳು ಕೊಡ ಕುಕ್ಕಿ ಕೇಳಿಯೇಬಿಟ್ಟಳು. "ನಿನ್ನ ತಂಗಿ ಒಬ್ಬಳೇ ಸತ್ಲಾ? ಒಂದು ದಿನ ಚರಂಡಿ ದಾರೀಲಿ ಹೋಗಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಮ್ಮ ಒಲೆಗೆ ನೀರು ಹುಯ್ದೆ."

ದೊಡ್ಡಕ್ಕ ಕೊಡ ಎತ್ತಿಕೊಂಡು ಬಂದಳು. ಆ ರಾತ್ರಿ ಉಣ್ಣಲಿಲ್ಲ. ಆ ಹೆಂಗಸು ಅಂದದ್ದೂ ಸುಳ್ಳಲ್ಲ ಅನ್ನಿಸಿತು. ಅವಳ ಮನೆಯಲ್ಲಿ ಮಕ್ಕಳು ಬರೀ ಗಂಜಿ ಕುಡಿಯುತ್ತಿದ್ದುದು ದೊಡ್ಡಕ್ಕನಿಗೆ ಗೊತ್ತಿತ್ತು.

ಡ್ರೈವರು ಬಾಡಿಗೆ ಲಾರಿಗೆ ಸೇರಿದ. ಒಂದು ದಿನ ಬಂದು ಜಗಲಿಯ ಮೇಲೆ ಕೂತ. ನೀರು ಕುಡಿದ.

"ಅತ್ತಿಗೆ, ಆ ಕೊಳವೆ ಕಂಡೆ."

"ಯಾವ ಕೊಳವೆ?"

"ಅದೇ. ಫ್ಯಾಕ್ಟರಿಯಿಂದ ಲಾರಿ ತುಂಬ ಹೋಗ್ತಿವೆ. ಕರಿಹಿಡಿದವು. ಆ ಕಡೆ, ಹಳೇ ಇಟ್ಟಿಗೆ ಗೂಡಿನ ಹತ್ರ ಹೊಸ ಶೆಡ್ಡು ಹಾಕಿದಾರೆ. ಕಂಪನಿ ಹೆಸರಿಲ್ಲ, ಬೋರ್ಡಿಲ್ಲ. ಒಳಗೆ ಹುಡುಗೀರು."

ದೊಡ್ಡಕ್ಕ ಖಾಲಿ ಲೋಟ ಎತ್ತಿಕೊಂಡಳು. "ಸಿಹಿ ವಾಸನೆ ಬರ್ತಿತ್ತಾ?"

ಅವನು ಹೂಂ ಅಂದ.

ಮರುದಿನ ದೊಡ್ಡಕ್ಕ ಹೊರಟಳು. ಗಿಡ್ಡಿ ಜೊತೆಗೆ ಬಂದಳು. "ಅಲ್ಲೂ ಒಲೆಗೆ ನೀರು ಹುಯ್ದು ಬರೋಣ ನಡಿ," ಅಂದಳು. ನಗಿಸಲೆಂದೇ ಅಂದದ್ದು. ಇಬ್ಬರಿಗೂ ನಗು ಬರಲಿಲ್ಲ. ಎರಡು ಬಸ್ಸು ಬದಲಿಸಿ, ಧೂಳಿನ ದಾರಿ ನಡೆದು, ಆ ಶೆಡ್ಡಿನ ಹೊರಗೆ ಬೇಲಿಯ ಪಕ್ಕ ಕೂತರು. ಕಾವಲಿನವನು ಎಬ್ಬಿಸಿದ. ರಸ್ತೆಯ ಆಚೆ ಬದಿಗೆ ಹೋಗಿ ಕೂತರು. ಪಾಳಿ ಬಿಟ್ಟಿತು. ಹುಡುಗಿಯರು ಬಂದರು. ಎಲ್ಲರಿಗೂ ಬಸ್ಸಿನ ಅವಸರ. ಕೆಲವರು ಇವರನ್ನು ಭಿಕ್ಷೆಯವರು ಅಂದುಕೊಂಡು ದೂರ ಸರಿದರು. ಒಬ್ಬಳು ಹಿಂದೆ ಉಳಿದು ನಿಧಾನ ನಡೆಯುತ್ತಿದ್ದಳು. ತೆಳ್ಳಗಿನ ಮೈ.

"ಒಂದು ನಿಮಿಷ ನಿಲ್ಲಮ್ಮ," ಅಂದಳು ದೊಡ್ಡಕ್ಕ. "ತೊಟ್ಟಿಗೆ ನೀನೇ ಇಳಿಯೋದಾ?"

ಹುಡುಗಿ ಬೆಚ್ಚಿ ನೋಡಿದಳು. "ನಿಮಗೆ ಹೇಗೆ ಗೊತ್ತು?"

"ನನ್ನ ತಂಗಿ ಇಳೀತಿದ್ಲು."

"ಈಗ ಎಲ್ಲಿದಾರೆ ಅವರು?"

ದೊಡ್ಡಕ್ಕ ಹೇಳಿದಳು.

"ನನಗೆ ಬಸ್ಸಿಗೆ ಹೊತ್ತಾಯ್ತು ಅಕ್ಕ," ಅಂದಳು ಹುಡುಗಿ. ಹೆಜ್ಜೆ ಮುಂದಿಟ್ಟಳು.

"ನಡಿ, ನಾವೂ ಬರ್ತೀವಿ. ನಡೀತಾನೇ ಹೇಳ್ತೀನಿ."

ಮೂವರೂ ನಡೆದರು. ದೊಡ್ಡಕ್ಕ ಹೇಳಿದಳು. ತಲೆ ತಿರುಗುವುದರಿಂದ ಶುರುಮಾಡಿ ಹೇಳಿದಳು. ನಿಲ್ದಾಣದ ಕಲ್ಲಿನ ಮೇಲೆ ಕೂತು ಹೇಳಿದಳು. ಅವಳು ನಿಲ್ಲಿಸಿದ ಕಡೆ ಗಿಡ್ಡಿ ಮುಂದುವರಿಸಿದಳು. ಹುಡುಗಿ ಕಾಲ್ಬೆರಳಿನಿಂದ ಮಣ್ಣು ಕೆದಕುತ್ತ ಕೇಳಿದಳು. ಬಸ್ಸು ಬಂತು. ಕಂಡಕ್ಟರು ಬಾಗಿಲು ಬಡಿದು ಕರೆದ. ಉಳಿದವರು ಹತ್ತಿದರು. ಆ ಹುಡುಗಿ ಹತ್ತಲಿಲ್ಲ.